ಎರಡು ಸಲ ಕೂಡಿಸಿದ ಒಂದೂವರೆ ತಾಸು

ರಫೀಕ್, ನಿನ್ನ ಅಬ್ಬಾನ ಮುಖ ಕೊನೆಯ ಸಲ ನಿನಗೆ ಸಿಗದಂತೆ ಮಾಡಿದವನು ನಾನು — ನಿನ್ನ ಕರೀಮ್ ಚಾಚಾ ಅಲ್ಲ.

ಅಂದು ಕಮಲಾಪುರದ ನಿಮ್ಮ ಅಂಗಳದಲ್ಲಿ ಎಲ್ಲರೂ ನಿನಗಾಗಿಯೇ ಕೂತಿದ್ದರು. ಸುಡು ಬೇಸಿಗೆ. ಸೂರ್ಯ ಮುಳುಗಿ ಮಗ್ರಿಬ್ ನಮಾಜು ಆಗುವವರೆಗೆ ಕಾಯೋಣ, ಅದರಾಚೆ ಆಗದು ಎಂದು ಹಿರಿಯರು ತೀರ್ಮಾನಿಸಿದ್ದರು. ದುಬೈಯಿಂದ ಹೊರಡುವ ಮುಂಚೆ ನೀನು ಟಿಕೆಟ್ಟಿನ ಫೋಟೊ ನನ್ನ ಮೊಬೈಲಿಗೆ ಕಳಿಸಿದ್ದೆ. ಅಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಹೊರಟು ಹೈದರಾಬಾದಿಗೆ ಇಳಿಯುವುದು ಮಧ್ಯಾಹ್ನ ಎರಡಕ್ಕೆ. ಅಲ್ಲಿಂದ ಕಾರಿನಲ್ಲಿ ನಾಲ್ಕು ತಾಸು.

"ಶರಣೂ, ನೀ ದುಬೈ ಕಂಡಾಂವ. ಹುಡುಗ ಮುಟ್ತಾನೇನಪ್ಪಾ?" ಎಂದರು ಚಾಚಾ, ಸತ್ತ ಅಣ್ಣನ ತಲೆಯ ಬಳಿ ಕೂತುಕೊಂಡೇ.

ಕೆಲವು ತಿಂಗಳು ಅಲ್ಲಿ ಇದ್ದು ಬಂದವನು ನಾನು. ಸೂಪರ್ ಮಾರ್ಕೆಟ್ ಪೇಟೆಯ ನನ್ನ ಬಟ್ಟೆ ಅಂಗಡಿಗೆ ಬಂದವರಿಗೆಲ್ಲ ಆ ಕತೆ ಹೇಳಿ ಹೇಳಿ — ಗೊತ್ತಿಲ್ಲ ಅನ್ನುವುದೇ ಮರೆತುಹೋಗಿತ್ತು.

"ಆಗಂಗಿಲ್ರೀ ಚಾಚಾ. ಟಿಕೆಟ್ಟಿನ್ಯಾಗ ಇರೋದು ಅಲ್ಲಿನ ಗಡಿಯಾರ. ನಮ್ದು ಒಂದೂವರೆ ತಾಸು ಮುಂದದ. ಕೂಡಿಸ್ರಿ, ಕತ್ತಲಾಗ್ತದ."

"ವಿಮಾನ ಇವನೇ ನಡಸ್ಯಾನೇನೋ ಅನ್ನಂಗ ಹೇಳ್ತಾನಲ್ರೀ!" ಎಂದರು ಯಾರೋ. ಸಾವಿನ ಮನೆಯಲ್ಲೂ ನಾಲ್ಕು ಮಂದಿ ನಕ್ಕರು. ನಾನು ಉಬ್ಬಿದೆ.

ಇಳಿಯುವ ಹೊತ್ತನ್ನು ಇಳಿಯುವ ಊರಿನ ಗಡಿಯಾರದಂತೆಯೇ ಬರೆದಿರುತ್ತಾರೆ. ಎರಡೂವರೆ ಸಾವಿರ ಕಿಲೋಮೀಟರ್ ಹಾರಲು ಹಿಡಿಯುವುದು ಮೂರೂವರೆ ತಾಸು. ಗಡಿಯಾರದ ಆ ಒಂದೂವರೆ ತಾಸು ಟಿಕೆಟ್ಟಿನಲ್ಲಿ ಆಗಲೇ ಸೇರಿತ್ತು. ನಾನು ಮತ್ತೊಮ್ಮೆ ಕೂಡಿಸಿದೆ. ಕಾದು ಫಲವಿಲ್ಲ, ಇಳಿಹೊತ್ತಿನ ನಮಾಜಿಗೇ ಒಯ್ಯೋಣ ಎಂದರು ಹಿರಿಯರು. ಇಷ್ಟೇ ಆಗಿದ್ದರೆ ದಡ್ಡತನ ಎನ್ನಬಹುದಿತ್ತು.

ಆದರೆ ಎರಡಕ್ಕೆ ಸರಿಯಾಗಿ ನಿನ್ನ ಫೋನ್ ಬಂತು. "ಇಳದೇನಿ ಶರಣೂ. ನಾ ಬರೂ ತನಕ ಎತ್ತಬ್ಯಾಡ್ರಿ ಅಂತ ಚಾಚಾಗ ಹೇಳು."

ಅಬ್ಬಾನನ್ನು ಇನ್ನೂ ಎತ್ತಿರಲಿಲ್ಲ. ಚಾಚಾ ಕೈಗೆಟುಕುವಷ್ಟು ಹತ್ತಿರವಿದ್ದರು. ಅಷ್ಟು ಮಂದಿಯೆದುರು ತಪ್ಪಾಯಿತು ಅನ್ನಬೇಕಲ್ಲ — "ಬಾ, ಬಾ" ಎಂದು ಫೋನ್ ಜೇಬಿಗಿಳಿಸಿದೆ.

ನೀನು ಬಂದಾಗ ಮಗ್ರಿಬ್ ಅಜಾನ್ ಕೂಗುತ್ತಿತ್ತು. ಗೋರಿಯ ಮಣ್ಣು ಹಸಿ. "ಇಷ್ಟ್ಯಾಕ ಅವಸರ ಇತ್ತೋ?" ಎಂದು ನೀನು ಕೇಳಿದೆ. ನಾನು — ಬಾಯಿಗೆ ಬಂದದ್ದು ಒಂದೇ — "ಚಾಚಾ ಕೇಳ್ಲಿಲ್ಲೋ" ಎಂದೆ.

ಅಂದಿನಿಂದ ನೀನು ಅವರ ಹೊಸ್ತಿಲು ತುಳಿದಿಲ್ಲ. ಮೊನ್ನೆ ಹೇಳಹೊರಟರೆ "ಆ ಮನಷ್ಯಾನ ಹೆಸರು ತಗೀಬ್ಯಾಡ" ಎಂದು ಫೋನ್ ಇಟ್ಟುಬಿಟ್ಟೆ. ಅದಕ್ಕೂ ಹಿಂದೆ ಹೀಗೇ — ನೀನು ಇಟ್ಟೆಯೋ, ಇಡಲಿ ಎಂದು ನಾನೇ ಮಾತು ಎಳೆದೆನೋ! ನನ್ನ ಮೇಲೆ ನನಗೇ ರೇಗುತ್ತದೆ. ಚಾಚಾ ಮಾತ್ರ ಪ್ರತಿ ಸಂತೆಗೂ ಕೆಂಪು ಬಾಳೆಹಣ್ಣು ಕೈಗಿಟ್ಟು ನನ್ನನ್ನೇ ಸಮಾಧಾನ ಮಾಡುತ್ತಾರೆ: "ವಿಮಾನ ಲಗೂನ ಬಂದ್ರ ನೀ ಏನ್ ಮಾಡ್ತಿಯಪ್ಪಾ?"

ಆ ಹಣ್ಣನ್ನು ದಾರಿಯಲ್ಲಿ ಸಿಕ್ಕ ದನಕ್ಕೆ ಹಾಕಿಬಿಡುತ್ತೇನೆ.

ನಾಡಿದ್ದು ನೀನು ಹೈದರಾಬಾದಿಗೆ ಇಳಿಯುತ್ತಿ. ಕರೆತರಲು ನಾನು ಬರುವುದಿಲ್ಲ. ಇದನ್ನು ಓದಿದ ಮೇಲೆ ನನ್ನ ಪಕ್ಕ ನೀನು ಕೂರಬೇಕಿಲ್ಲ. ಆದರೆ ಕಮಲಾಪುರದಲ್ಲಿ ಚಾಚಾನ ಬಾಗಿಲಲ್ಲೇ ಇಳಿ. ಅಂದು ಆ ಅಂಗಳದಲ್ಲಿ ನಕ್ಕವರನ್ನೆಲ್ಲ ಚಾಚಾನ ಮನೆಗೆ ಕರೆದಿದ್ದೇನೆ. ನೀನು ಬರುವ ಮೊದಲೇ ಹೇಳಿ ಮುಗಿಸಿರುತ್ತೇನೆ.