ಹಯಾತ ಮಿಸ್ತ್ರಿಯ ದಿಮ್ಮಿ ಮನೆ

ಅಕ್ಕಿಆಲೂರಿನ ಹಯಾತ ಮಿಸ್ತ್ರಿ ಊರಿನವರಿಗೆಲ್ಲ ಬಾಗಿಲು, ಚೌಕಟ್ಟು, ತೊಟ್ಟಿಲು ಮಾಡಿಕೊಟ್ಟವರು. ಆದರೆ ನೆಲದಿಂದ ಮಾಡಿನವರೆಗೆ ಅವರೇ ಕಟ್ಟಿದ ಮನೆ ಒಂದೇ, ಕೆರೆ ದಂಡೆಯದು. ಕಟ್ಟಿಸಿದವನು ಅಲ್ಲಿಯ ಹೊಲದ ಮಾಲೀಕ ಅಂಬರೀಶ. ಹಾನಗಲ್ಲಿಗೆ ಗುಡಿ ನೋಡಲು ಬಂದವರು ಉಳಿಯಲು ಒಂದು ಲಾಡ್ಜು ಬೇಕೆಂದು ಅವನು ಮೊಬೈಲಿನಲ್ಲಿ ಚಿತ್ರ ತೋರಿಸಿದ. ಕಲ್ಲಿಲ್ಲ, ಇಟ್ಟಿಗೆಯಿಲ್ಲ. ಇಡೀ ದಿಮ್ಮಿಗಳನ್ನೇ ಅಡ್ಡ ಮಲಗಿಸಿ, ಒಂದರ ಮೇಲೊಂದು ಹೇರಿದ ಗೋಡೆ.

ಮಿಸ್ತ್ರಿ ಬಹಳ ಹೊತ್ತು ನೋಡಿ ಒಪ್ಪಿಕೊಂಡರು. ಅವರ ಹೆಂಡತಿ ದಾವಲಬಿ ನೆರೆಮನೆಯವಳಾದ ನನ್ನ ಮುಂದೆ ಅಂದಳು:

"ನಮ್ಮ ಹಿತ್ತಲ ಬಾಗಲಕ್ಕ ಚಿಲಕ ಇಲ್ಲಕ್ಕಾ. ಇವ್ರು ಕೆರಿ ದಂಡಿಗೆ ಅರಮನಿ ಕಟ್ಟಾಕತ್ತಾರ."

ನಮ್ಮ ಕಡೆ ತೊಲೆ ಏರಿಸುವಾಗ ಮರದ ಬುಡ ಪಡುವಣಕ್ಕೆ, ತುದಿ ಮೂಡಣಕ್ಕೆ ಬರಬೇಕು. ತಿರುವಿಟ್ಟರೆ ಮನೆಗೆ ಒಳ್ಳೆಯದಲ್ಲ ಅನ್ನುತ್ತಾರೆ. ಮಿಸ್ತ್ರಿ ಎರಡು ಉದ್ದ ಗೋಡೆಗಳ ದಿಮ್ಮಿಗಳನ್ನೂ ಹಾಗೆಯೇ ಇಟ್ಟರು. ದಿಮ್ಮಿಗಳೆಲ್ಲ ನೀಲಗಿರಿ ಮರದವು, ಬುಡ ದಪ್ಪ, ತುದಿ ಸಣ್ಣ. ಹೇರುತ್ತ ಹೋದಂತೆ ಗೋಡೆ ಪಡುವಣದಲ್ಲಿ ಏರಿತು, ಮೂಡಣದ ಕೆರೆಯ ಕಡೆ ತಗ್ಗಿತು. ಒಂದು ಬಿಟ್ಟು ಒಂದನ್ನು ತಿರುವಿಟ್ಟಿದ್ದರೆ ಸಮನಾಗುತ್ತಿತ್ತು. ಅದು ಅವರಿಗೂ ಹೊಳೆಯಲಿಲ್ಲ, ಅಲ್ಲಿ ಕೂಲಿಗೆ ನೆಲ ಸಾರಿಸುತ್ತಿದ್ದ ನನಗೂ ಹೊಳೆಯಲಿಲ್ಲ. ತಗ್ಗಿದ ಕಡೆ ಸಂದುಗಳಿಗೆ ಕೆರೆಮಣ್ಣು ಮೆತ್ತಿ ಆದಷ್ಟು ಮಟ್ಟ ಮಾಡಿದರು, ಆದರೂ ಮಾಡು ಆ ಕಡೆಗೇ ಇಳಿಜಾರಾಗಿ ಕೂತಿತು.

ಮೊದಮೊದಲು ಜನ ಬಂದರು. ನಾನು ರೊಟ್ಟಿ ಬಡಿದು ಹಾಕುತ್ತಿದ್ದೆ. ಮಿಸ್ತ್ರಿ ಸಂಜೆ ದಂಡೆಯ ಮೇಲೆ ಕುಳಿತು ಸುಮ್ಮನೆ ಆ ಮನೆಯನ್ನು ನೋಡುತ್ತಿದ್ದರು. ಕೆಲಸ ಮುಗಿದ ಮೇಲೆ ಬೇರೆ ಯಾವುದನ್ನೂ ಅವರು ಹಾಗೆ ತಿರುಗಿ ನೋಡಿದವರಲ್ಲ.

ಮಳೆಗಾಲದಲ್ಲಿ ಮಾಡಿನ ನೀರೆಲ್ಲ ತಗ್ಗಿದ ಮೂಲೆಗೇ ಇಳಿಯಿತು. ಮೆತ್ತಿದ ಮಣ್ಣು ನೀರು ಹಿಡಿಯಿತು, ಆ ಮಣ್ಣಿನಿಂದ ಗೆದ್ದಲು ಏರಿತು. ಗೋಡೆ ವಾಲಿದಾಗ ಬಂದವರು ಹೆದರಿ ಹೊರಟರು. ಅಂಬರೀಶ ಕೆಡವಿ ಸಿಮೆಂಟಿನ ಕೋಣೆ ಕಟ್ಟಿಸುತ್ತೇನೆಂದ. ಮಿಸ್ತ್ರಿ ಅವನ ಮನೆಗೆ ಹೋಗಿ ಕಟ್ಟೆಯ ಮೇಲೆ ಕುಳಿತರು. ನಾನೂ ಜೊತೆಗಿದ್ದೆ.

"ಒಂದು ಬ್ಯಾಸಗಿ ಕೊಡ್ರಿ ಸಾವಕಾರ. ಬಿಚ್ಚಿ ತಿರುವಿ ಇಡ್ತೇನಿ. ಎಲ್ಲಿ ತಪ್ಪೇನಿ ಅಂತ ಈಗ ಗೊತ್ತಾಗೇತಿ."

"ಬಿಚ್ಚಿ ನೋಡ್ರಿ ಚಾಚಾ. ದಿಮ್ಮಿ ಗಟ್ಟಿ ಇದ್ರ ಕಟ್ರಿ, ನಾ ಬ್ಯಾಡ ಅನ್ನಂಗಿಲ್ಲ."

ಬಿಚ್ಚಿದರು. ಕೊಡಲಿಯ ಹಿಂಬದಿಯಿಂದ ಒಂದೊಂದನ್ನೇ ಬಡಿದು ಕಿವಿಗೊಟ್ಟರು. ಬುಡದ ಕಡೆ ಗಟ್ಟಿ ಸದ್ದು ಬರುತ್ತಿತ್ತು. ತುದಿಯ ಕಡೆ ಬರಲಿಲ್ಲ. ಬೆರಳು ಒತ್ತಿದರೆ ಒಳಗೆ ಹೋಯಿತು, ತವುಡಿನಂತೆ ಉದುರಿತು. ಮೊದಲು ಒಳ್ಳೆಯದು, ಕೆಟ್ಟದ್ದು ಎಂದು ಬೇರೆ ಬೇರೆ ಇಡಲು ಹೇಳಿದ್ದರು. ತುದಿಯವರೆಗೆ ಗಟ್ಟಿಯಿದ್ದ ದಿಮ್ಮಿ ಒಂದೂ ಸಿಗದೆ ಒಳ್ಳೆಯದರ ಜಾಗ ಖಾಲಿಯೇ ಉಳಿಯಿತು. ಇಟ್ಟಿಗೆ ಭಟ್ಟಿಯವರು ಟ್ರ್ಯಾಕ್ಟರ್ ತಂದು ಉರುವಲಿಗೆಂದು ಹೇರಿಕೊಂಡು ಹೋದರು.

ಈಗ ಅಲ್ಲಿ ಸಿಮೆಂಟಿನ ಕೋಣೆಗಳಿವೆ. ಮಿಸ್ತ್ರಿ ಆ ದಾರಿ ಹಿಡಿಯುವುದಿಲ್ಲ. ಬಡಿಸಿದರೆ ಉಣ್ಣುತ್ತಾರೆ, ಬೇಕೆಂದು ಕೇಳುವುದಿಲ್ಲ ಎಂದು ದಾವಲಬಿ ಹೇಳುತ್ತಾಳೆ. ಮೊನ್ನೆ ನಮ್ಮ ಓಣಿಯ ಕರಬಸಪ್ಪ ಹೊಸ ಮನೆಯ ಚೌಕಟ್ಟಿಗೆ ಅಳತೆ ತೆಗೆಯಲು ಕರೆಯಬಂದ. ಮಿಸ್ತ್ರಿ ಅವನ ಮುಖ ನೋಡದೆ ಹೇಳಿದರು:

"ನನಗ ಮರ ತಿಳಿಯಂಗಿಲ್ಲಪ್ಪಾ. ಬ್ಯಾರೆಯವ್ರನ್ನ ನೋಡು."

ಎದ್ದು ಒಳಗೆ ಹೋದರು. ಕರಬಸಪ್ಪ ದಾವಲಬಿ ತಂದ ಚಹಾ ಕುಡಿದು ಹೊರಟುಹೋದ.