ಯಾರು ಹೋದರು ಎಂದು ಕೇಳಿದ ಉಚ್ಚಂಗಮ್ಮ

ಅಜ್ಜಂಪುರದ ರೈಲು ನಿಲ್ದಾಣದ ಹಿಂದಿರುವ ಶೆಡ್ಡಿನಲ್ಲಿ ಉಚ್ಚಂಗಮ್ಮ ಈರುಳ್ಳಿ ಆರಿಸಲು ಕೂತು ಮೂವತ್ತು ವರ್ಷವಾಯಿತು. ಕೊಳೆತದ್ದನ್ನು ಅವಳು ಕಣ್ಣಿನಿಂದ ಹುಡುಕುವುದಿಲ್ಲ, ಹೆಬ್ಬೆರಳಿನಿಂದ. ಮೇಲೆ ಎಷ್ಟೇ ಕೆಂಪಗೆ ಹೊಳೆಯಲಿ, ಬುಡ ಮೆತ್ತಗಾಗಿದ್ದರೆ ಆಚೆಗೆ. ಮನುಷ್ಯರನ್ನೂ ಹಾಗೆಯೇ. ಆಚೆಗೆ ಎಸೆದದ್ದನ್ನು ಮತ್ತೆ ಚೀಲಕ್ಕೆ ಹಾಕಿದವಳಲ್ಲ.

ಅವಳಿಗೆ ಇನ್ನೊಂದು ಕೆಲಸವೂ ಇತ್ತು. ಕೇರಿಯಲ್ಲಿ ಯಾರಾದರೂ ತೀರಿಕೊಂಡರೆ ಹೆಣದ ಮುಂದೆ ಕೂತು ಹಾಡಿಕೊಂಡು ಅಳುವುದು. ಅವಳ ಅವ್ವ ಕೆಂಚಮ್ಮ ಕಲಿಸಿದ್ದು. ಸತ್ತವರಿಗೆ ತಕ್ಕಂತೆ ಮಾತು ಬದಲಾಗುತ್ತಿತ್ತು. ರಾಗ ಮಾತ್ರ ಒಂದೇ. ಆ ರಾಗಕ್ಕೊಂದು ಕಟ್ಟಳೆಯಿತ್ತು. ಸಾವಿಲ್ಲದ ಮನೆಯಲ್ಲಿ ಅದನ್ನು ಗುನುಗುವಂತಿಲ್ಲ. ಕಿವಿಗೆ ಬಿತ್ತೋ, ಹೆಂಗಸರು ಕೈಲಿದ್ದ ಕೆಲಸ ಬಿಟ್ಟು, ಮೊರದಲ್ಲಿ ಅಕ್ಕಿ, ಚೊಂಬಿನಲ್ಲಿ ನೀರು ಹಿಡಿದು ಆ ಮನೆಯ ಬಾಗಿಲಿಗೆ ಹೋಗಿ, "ಯಾರು ಹೋದ್ರು?" ಎಂದು ಕೇಳಬೇಕು.

ಹೋದ ವರ್ಷ ಕೆಂಚಮ್ಮನೇ ಹೋದಳು. ಅವತ್ತು ಉಚ್ಚಂಗಮ್ಮ ಹಾಡಿದ್ದನ್ನು ಕೇಳಿದವರು ಮನೆಗೆ ಹೋಗಿಯೂ ಊಟ ಮಾಡಲಿಲ್ಲ. ಬಂದವರಲ್ಲಿ ಚರ್ಚಿನ ಹಾಡಿನ ಮೇಷ್ಟ್ರು ಪ್ರಭುದಾಸನೂ ಇದ್ದ. ಅವನ ತಾಯಿ ಕರುಣಮ್ಮ ಮತ್ತು ಕೆಂಚಮ್ಮ ಹರೆಯದಲ್ಲಿ ಒಂದೇ ಹೊಲದಲ್ಲಿ ಕಳೆ ಕಿತ್ತವರು. ಪ್ರಭುದಾಸ ಗೋಡೆಗೆ ಒರಗಿ ಎರಡೂ ಕೈಗಳನ್ನು ಎದೆಗೆ ಹಿಡಿದು ನಿಂತಿದ್ದ. ಪಾಪ, ಪ್ರಾರ್ಥನೆ ಮಾಡುತ್ತಿದ್ದಾನೆ ಎಂದು ಉಚ್ಚಂಗಮ್ಮ ಅಂದುಕೊಂಡಿದ್ದಳು. ಆ ಕೈಗಳ ನಡುವೆ ಇದ್ದದ್ದು ಮೊಬೈಲು.

ಡಿಸೆಂಬರ್ ಮೊದಲ ಭಾನುವಾರ ಚರ್ಚಿನ ಮೈಕಿನಲ್ಲಿ ಹಾಡು ಬಂತು. ಕೊಟ್ಟಿಗೆಯಲ್ಲಿ ಕಂದ ಹುಟ್ಟಿದ, ಲೋಕವೆಲ್ಲ ನಗಲಿ ಎಂಬ ಮಾತು. ರಾಗ ಮಾತ್ರ ಅವ್ವನ ಹೆಣದ ಮುಂದಿನದು. ಅವತ್ತು ಹಾಡುವಾಗ ಉಚ್ಚಂಗಮ್ಮನ ಉಸಿರು ಸಿಕ್ಕಿಕೊಂಡಿದ್ದ ಜಾಗವನ್ನೂ ಬಿಟ್ಟಿರಲಿಲ್ಲ. ಅಲ್ಲಿ ತಬಲಾದ ಒಂದು ಪೆಟ್ಟು ಹಾಕಿದ್ದರು. ಶೆಡ್ಡಿನ ಹೆಂಗಸರು ತಮಗೇ ಗೊತ್ತಿಲ್ಲದೆ ಎದ್ದು ನಿಂತರು. ಸೊಸೆ ಕೋಮಲಾ ಎಲ್ಲಿಂದಲೋ ಚರ್ಚಿನ ಹಾಡಿನ ಪುಸ್ತಕ ತಂದು ಓದಿದಳು.

"ಅತ್ತೆ, ರಾಗ ಸಂಯೋಜನೆ ಪ್ರಭುದಾಸ್ ಅಂತ ಹಾಕವ್ರೆ. ತರೀಕೆರೇಲಿ ಈ ಹಾಡಿಗೆ ಶೀಲ್ಡ್ ಬೇರೆ ಬಂದೈತಂತೆ."

ಉಚ್ಚಂಗಮ್ಮ ಸೆರಗು ಕೊಡವಿ ನೇರ ಅವನ ಮನೆಗೆ ಹೋದಳು. "ಮೇಷ್ಟ್ರೇ, ಹಾಡಿಗೆ ಮುಂಚೆ ನಮ್ಮವ್ವನ ಹೆಸ್ರು ಮೈಕಲ್ಲಿ ಹೇಳಿ. ಇನ್ನೇನೂ ಬ್ಯಾಡ."

ಪ್ರಭುದಾಸ ನಕ್ಕ. "ಅಯ್ಯೋ, ಅದು ಜನಪದ ರಾಗ ಕಣಕ್ಕಾ. ಅದಕ್ಕೆ ಒಡೇರು ಅಂತ ಯಾರೂ ಇರಲ್ಲ."

"ಒಡೇರಿಲ್ಲದ ದನ ದೊಡ್ಡಿಗೆ ಹೋಗ್ತದೆ ಕಣಪ್ಪ. ನಿನ್ನ ಕೊಟ್ಟಿಗೇಲಿ ಯಾಕೆ ಕಟ್ಕಂಡಿದ್ದೀಯ?"

ಅವನು ಬಾಗಿಲು ಮುಂದೆ ಮಾಡಿಕೊಂಡ. ಆ ಬಾಗಿಲನ್ನು ಅವಳು ಒಂದು ಗಳಿಗೆ ನೋಡುತ್ತಾ ನಿಂತಳು. ಈರುಳ್ಳಿಯ ಬುಡಕ್ಕೆ ಹೆಬ್ಬೆರಳು ಒತ್ತಿದ ಹಾಗಾಯಿತು.

ಮರುದಿನ ಸಂಜೆ ಪ್ರಭುದಾಸ ಮನೆಯಲ್ಲಿ ಹುಡುಗಿಯರನ್ನು ಕೂರಿಸಿಕೊಂಡು ಅದೇ ಹಾಡು ಅಭ್ಯಾಸ ಮಾಡಿಸುತ್ತಿದ್ದ. ಎರಡನೇ ಸಾಲು ಮುಗಿಯುವ ಹೊತ್ತಿಗೆ ಏಳು ಜನ ಹೆಂಗಸರು ತಲೆ ಮೇಲೆ ಸೆರಗು ಹೊದ್ದು, ಮೊರ, ಚೊಂಬು ಹಿಡಿದು ಅಂಗಳದಲ್ಲಿ ನಿಂತಿದ್ದರು.

"ಯಾರು ಹೋದ್ರಪ್ಪಾ?" ಉಚ್ಚಂಗಮ್ಮ ಮೆತ್ತಗೆ ಕೇಳಿದಳು.

"ಯಾರೂ ಹೋಗಿಲ್ಲ! ಇದು ಕ್ರಿಸ್ಮಸ್ ಹಾಡು!"

"ಹಂಗಾದ್ರೆ ಇನ್ನೂ ಜೀವ ಐತೇನೋ. ಕಾಯ್ತೀವಿ ಬಿಡು." ಏಳೂ ಜನ ಅಂಗಳದಲ್ಲೇ ಕೂತರು.

ಬುಧವಾರ ಹಾಡಿದರು, ಹೆಂಗಸರು ಬಂದರು. ಶುಕ್ರವಾರ ಕಿಟಕಿ ಮುಚ್ಚಿಕೊಂಡು ಹಾಡಿದರು, ಆಗಲೂ ಬಂದರು. ಎದುರು ಮನೆಯ ಚನ್ನಬಸಪ್ಪ ಹೂವಿನ ಹಾರವನ್ನೇ ತಂದುಬಿಟ್ಟ. ಬೀರೂರಿನಲ್ಲಿದ್ದ ಪ್ರಭುದಾಸನ ಅಕ್ಕನಿಗೆ ಯಾರೋ ಫೋನ್ ಮಾಡಿದರು. ಅವಳು ಸಿಕ್ಕಿದ ರೈಲು ಹತ್ತಿ, ಬೀದಿಯ ತುದಿಯಿಂದಲೇ "ಅಮ್ಮಾ" ಎಂದು ಎದೆ ಬಡಿದುಕೊಳ್ಳುತ್ತಾ ಓಡಿಬಂದಳು. ಆ ಹೊತ್ತಿಗೆ ಅವಳ ಅಮ್ಮ ಕರುಣಮ್ಮ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

ಕರುಣಮ್ಮನಿಗೆ ಕಿವಿ ಮಂದ. ಮೊರ ಹಿಡಿದವರನ್ನು ಒಬ್ಬೊಬ್ಬರನ್ನಾಗಿ ನೋಡಿ, "ಏನೇ ಉಚ್ಚಂಗಿ ಇದು?" ಎಂದಳು.

ಉಚ್ಚಂಗಮ್ಮ ಬಗ್ಗಿ ಅವಳ ಕಿವಿಯ ಹತ್ತಿರ ರಾಗದ ಒಂದೇ ಎಳೆಯನ್ನು ಎಳೆದಳು. ಮುದುಕಿಯ ಕೈಯಿಂದ ಅವರೆಕಾಯಿ ಜಾರಿತು.

"ಇದು ಕೆಂಚಿಗೆ ಹಾಡಿದ್ದಲ್ವಾ?"

"ಅದೇ. ನಿನ್ನ ಮಗ ಈಗ ನಿನ್ನ ಮನೇಲಿ ಹಾಡಿಸ್ತಾವ್ನೆ."

ಕರುಣಮ್ಮ ಮಗನ ಕಡೆ ತಿರುಗಿದಳು. "ಲೇ, ನಾನು ಬದುಕಿರುವಾಗ್ಲೇ ಶುರು ಹಚ್ಕಂಡ್ಯೇನೋ? ಮೊದ್ಲು ಅವಳು ಕೇಳಿದ್ದು ಕೊಡು."

ಅಂಗಳದಲ್ಲಿ ನಗು ಎದ್ದಿತು. ಪ್ರಭುದಾಸ ನಗಲಿಲ್ಲ. "ಹೆಸ್ರು ಹೇಳ್ತೀನಿ ಅಕ್ಕಾ," ಎಂದು ಉಚ್ಚಂಗಮ್ಮನಿಗೆ ಹೇಳಿದ.

"ಅವತ್ತು ಹೆಸ್ರೊಂದು ಸಾಕಾಗಿತ್ತು. ನೀನು ಬಾಗ್ಲು ಹಾಕ್ದೆ. ಈಗ ಹುಟ್ಟುಹಬ್ಬಕ್ಕೆ ಇದನ್ನ ಹಾಡಂಗಿಲ್ಲ. ನಿಮ್ಮ ದೇವ್ರು ಸತ್ತ ದಿನ ಒಂದೈತಲ್ಲ, ಅವತ್ತು ಮಾತ್ರ. ಆ ಮೊಬೈಲಲ್ಲಿರೋದನ್ನ ಈಗ್ಲೇ ನನ್ನ ಕಣ್ಮುಂದೆ ಅಳಿಸು."

ಅವನು ಅಳಿಸಿದ. ಸರಿಯಾಗಿ ಅಳಿಸಿದನೇ ಎಂದು ಕೋಮಲಾ ಫೋನ್ ತೆಗೆದುಕೊಂಡು ನೋಡಿದಳು. ಕ್ರಿಸ್ಮಸ್ ದಿನ ಚರ್ಚಿನ ಮೈಕಿನಲ್ಲಿ ಬೇರೆ ಹಾಡು ಬಂತು, ಎಲ್ಲೆಲ್ಲೋ ತಪ್ಪಿತು. ಉಚ್ಚಂಗಮ್ಮ ಶೆಡ್ಡಿನಲ್ಲಿ ಕೂತು ಒಂದೊಂದು ತಪ್ಪನ್ನೂ ಬೆಲ್ಲ ಚಪ್ಪರಿಸಿದ ಹಾಗೆ ಕೇಳಿಸಿಕೊಂಡಳು.

ಗುಡ್ ಫ್ರೈಡೇ ಬಂತು. ಮಧ್ಯಾಹ್ನದ ಬಿಸಿಲಿನಲ್ಲಿ ಮೈಕು ಕೆಮ್ಮಿತು. ಪ್ರಭುದಾಸನ ದನಿ: "ಈ ರಾಗ, ತೀರಿಹೋದ ಕೆಂಚಮ್ಮನವರಿಗಾಗಿ ಅವರ ಮಗಳು ಉಚ್ಚಂಗಮ್ಮ ಅತ್ತದ್ದು." ಆಮೇಲೆ ರಾಗ ಬಂತು. ತಬಲಾ ಇರಲಿಲ್ಲ. ಉಸಿರು ಸಿಕ್ಕಿದ ಜಾಗದಲ್ಲಿ ಹಾಡುವವರೂ ನಿಂತು, ಮುಂದಕ್ಕೆ ಹೋದರು.

ಶೆಡ್ಡಿನಲ್ಲಿ ಯಾರೂ ಕೈ ಆಡಿಸಲಿಲ್ಲ. ಕೋಮಲಾ ಕಟ್ಟಳೆಯಂತೆ ಕೇಳಿದಳು. "ಯಾರು ಹೋದ್ರು ಅತ್ತೆ?"

ಉಚ್ಚಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಈರುಳ್ಳಿ ಆರಿಸುವವರು ಅತ್ತರೆ ಯಾರೂ ಕಾರಣ ಕೇಳುವುದಿಲ್ಲ.

"ಅವ್ರ ದೇವ್ರು ಹೋಗವ್ನೆ ಕಣೇ. ಕೇಳಿದ ಮೇಲೆ ಹೋಗ್ಲೇಬೇಕಲ್ಲ. ಮೊರ ತಗೋ, ಅಕ್ಕಿ ಹಾಕು, ನಡಿ."

ನಾಲ್ಕು ಹೆಜ್ಜೆ ಹೋಗಿ ನಿಂತಳು.

"ಆ ಮೇಷ್ಟ್ರ ಮುಖ ಮಾತ್ರ ನಾನು ನೋಡಾಕಿಲ್ಲ. ಬಾಗ್ಲಲ್ಲಿ ಅವನೇ ನಿಂತಿದ್ರೆ, ಪಕ್ಕಕ್ಕೆ ಸರಿಯೋಕೆ ನೀನೇ ಹೇಳು."