ಒಣದ್ರಾಕ್ಷಿಯ ಗಡಿಗೆ

ಹೆಂಡವನ್ನು ನಾಲಿಗೆಗೆ ಸೋಕಿಸದವನು ಎಂಬ ಹೆಸರು ನನಗಿದೆ. ಆ ಹೆಸರಿಗೆ ಒಂದು ಸಣ್ಣ ತೂತೂ ಇದೆ. ನಗುವುದಿಲ್ಲವೆಂದರೆ ಇವತ್ತು ತೋರಿಸಿಬಿಡುತ್ತೇನೆ.

ಆಗ ನಮ್ಮ ರಬಕವಿ ಮುಂಬಯಿ ರಾಜ್ಯದಲ್ಲಿತ್ತು, ರಾಜ್ಯದಲ್ಲಿ ದಾರೂಬಂದಿ, ಅಂದರೆ ಕುಡಿತಕ್ಕೆ ನಿಷೇಧ, ಇತ್ತು. ನಾನು ಶಾಲೆಯ ಮಾಸ್ತರ. ನಮ್ಮದು ಹತ್ತು ಹನ್ನೆರಡು ಕ್ರೈಸ್ತ ಮನೆಗಳ ಸಭೆ, ಹೆಚ್ಚಿನವರು ನೇಕಾರರು. ಪಾದ್ರಿಗಳು ತಿಂಗಳಿಗೊಮ್ಮೆ ಜಮಖಂಡಿಯಿಂದ ಬಸ್ಸಿನಲ್ಲಿ ಬಂದು, ಕರ್ತನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪವಿತ್ರ ಭೋಜನ ನಡೆಸುತ್ತಿದ್ದರು. ಆ ರಸ ಮಾಡುವುದು ನನ್ನ ಪಾಲಿನ ಕೆಲಸ. ಒಣದ್ರಾಕ್ಷಿ ನೆನೆಹಾಕಿ, ಕಿವುಚಿ, ಸೋಸಿ ಗಡಿಗೆಯಲ್ಲಿ ಇಡುತ್ತಿದ್ದೆ.

ಕುಡಿತದ ವಿಷಯದಲ್ಲಿ ನಾನು ದೊಡ್ಡ ಪಂಡಿತ. ನಮ್ಮ ಶಾಸ್ತ್ರದಲ್ಲಿ ದ್ರಾಕ್ಷಾರಸವನ್ನು ಒಂದು ಕಡೆ ಹೊಗಳಿದೆ, ಇನ್ನೊಂದು ಕಡೆ ಬೈದಿದೆ. ನೋಹ ಕುಡಿದು ಬಟ್ಟೆಯ ಪರಿವೆಯಿಲ್ಲದೆ ಮಲಗುತ್ತಾನೆ. ಪೌಲ ಹೊಟ್ಟೆನೋವಿನ ಶಿಷ್ಯನಿಗೆ ಸ್ವಲ್ಪ ತೆಗೆದುಕೊಳ್ಳಲು ಬರೆಯುತ್ತಾನೆ. ಈ ಗೊಂದಲವನ್ನು ನಾನು ಒಂದೇ ಏಟಿಗೆ ಬಗೆಹರಿಸಿದ್ದೆ: ಹೊಗಳಿದ್ದೆಲ್ಲ ಹುಳಿಯದ ರಸ, ಬೈದದ್ದೆಲ್ಲ ಹುಳಿತದ್ದು. ಕಾನಾ ಊರಿನ ಮದುವೆಯಲ್ಲಿ ಕರ್ತನ ಮಹಿಮೆಯಿಂದ ಬಾನಿಗಟ್ಟಲೆ ನೀರು ದ್ರಾಕ್ಷಾರಸವಾದದ್ದೂ ನನ್ನ ಪ್ರಕಾರ ಬರೀ ಶರಬತ್ತು. "ಶರಬತ್ತಿಗೆ ಬೀಗರು ಅಷ್ಟ್ಯಾಕ ಹಿಗ್ಗಿದ್ರಂತ?" ಎಂದು ನನ್ನ ಹೆಂಡತಿ ಕೇಳಿದಾಗ ಕನ್ನಡಕ ಒರೆಸಿಕೊಂಡಿದ್ದೆ.

ಒಂದು ಬೇಸಿಗೆ ಪಾದ್ರಿಗಳ ಬಸ್ಸು ದಾರಿಯಲ್ಲೇ ಕೆಟ್ಟು, ಭೋಜನ ಮುಂದಿನ ಭಾನುವಾರಕ್ಕೆ ಹೋಯಿತು. ದೇವರ ಕೆಲಸಕ್ಕೆಂದು ಮಾಡಿದ್ದನ್ನು ಚೆಲ್ಲುವುದು ಹೇಗೆ? ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ ಮೂಲೆಗಿಟ್ಟೆ. ವಾರವಿಡೀ ಆ ಕಡೆ ಸುಳಿಯಲಿಲ್ಲ.

ಎಲ್ಲರೂ ಒಂದೇ ಪಾತ್ರೆಯಿಂದ ಗುಟುಕರಿಸುವುದು ನಮ್ಮ ರೂಢಿ. ಆ ಭಾನುವಾರ ಪಾತ್ರೆ ಸಾಲಿನ ನಡುವೆ ಕುಳಿತ ಸಾಮುವೇಲಪ್ಪನವರಿಗೆ ಬಂತು. ನೇಕಾರರು, ನನಗಿಂತ ಹಿರಿಯರು. ಒಂದು ಕಾಲಕ್ಕೆ ನೇಯ್ದ ಸೀರೆ ಮಾರಿ ಕುಡಿದವರು. ಹೆಂಡತಿ ಶಾಂತವ್ವನ ಕೈಮುಟ್ಟಿ ಆಣೆ ಮಾಡಿ, ಬಿಟ್ಟು ಹನ್ನೊಂದು ವರ್ಷವಾಗಿತ್ತು. ಪಾತ್ರೆಯನ್ನು ತುಟಿಯ ತನಕ ತಂದರು. ಅಲ್ಲೇ ತಡೆದರು. ಹಣೆಗೆ ಒತ್ತಿಕೊಂಡು ಪಕ್ಕದವರಿಗೆ ಕೊಟ್ಟುಬಿಟ್ಟರು.

ಕುಡಿಯದೆ ಪಾತ್ರೆ ದಾಟಿಸಿದವರ ಎದೆಯಲ್ಲಿ ಮುಚ್ಚಿಟ್ಟ ಪಾಪವಿದೆ ಎಂಬುದು ನಮ್ಮವರ ನಂಬಿಕೆ. ಹೊರಗೆ ಚಪ್ಪಲಿ ಮೆಟ್ಟುವಷ್ಟರಲ್ಲಿ "ಮತ್ತ ಕುಡ್ಯಾಕ ಹತ್ಯಾನ" ಎಂಬ ಮಾತು ಹುಟ್ಟಿತ್ತು. ಶಾಂತವ್ವ ಸೆರಗನ್ನು ಮುಖಕ್ಕೆಳೆದುಕೊಂಡು ಹೋದರು. ಹೇಳಲು ನಾಚಿಕೆ, ನಾನೂ ನಂಬಿದೆ. ಬುದ್ಧಿ ಹೇಳಲೆಂದು ಶಾಸ್ತ್ರದ ನಾಲ್ಕು ವಚನ ಬಾಯಿಪಾಠ ಮಾಡಿಕೊಂಡು ಸಂಜೆ ಅವರ ಮನೆಗೆ ಹೋದೆ.

"ಯಾಕ್ರೀ ಸಾಮುವೇಲಪ್ಪಾ, ಪಾತ್ರಿ ಯಾಕ ದಾಟಿಸಿದ್ರಿ?"

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಮಾಸ್ತರ್ರ, ಅದು ಹುಳತು ದಾರೂ ಆಗಿತ್ರಿ. ನನ್ನ ಮೂಗಿಗೆ ತಿಳೀದೇನ್ರಿ? ಒಂದು ಗುಟುಕು ಒಳಗ ಹೋಗಿದ್ರ ನಾಳಿ ನಾ ಎಲ್ಲಿ ಬಿದ್ದಿರ್ತಿದ್ನೋ."

"ಹಂಗಂತ ಅಲ್ಲೇ ಹೇಳಬೇಕಿತ್ತಲ್ರೀ."

"ಎಲ್ಲಾರ ಮುಂದ ನಿಮ್ಮ ಮಾನ ಕಳೀಲೇನ್ರಿ? ಮ್ಯಾಲ ಅದು ಕರ್ತನ ಪಾತ್ರಿ. ಹಣಿಗೆ ಹಚ್ಚಿಕೊಂಡೆ. ಅಂವಗ ತಿಳೀತೈತಿ."

ನಾಲ್ಕು ವಚನಗಳನ್ನೂ ಹಾಗೇ ಹೊತ್ತುಕೊಂಡು ಹೊರಟೆ. ಮನೆಗೆ ಬಂದು ಗಡಿಗೆ ಮೂಸಿದೆ. ಅಂಚಿನಲ್ಲಿ ಇನ್ನೂ ನೊರೆ ಇತ್ತು. ಬೆಳಿಗ್ಗೆ ಕೀರ್ತನೆ ಎಂದಿಲ್ಲದಷ್ಟು ಜೋರಾದದ್ದು, ನನ್ನ ಪ್ರಾರ್ಥನೆಗೆ ಎಲ್ಲಿಲ್ಲದ ಕಳೆ ಬಂದದ್ದು ಆಗ ನೆನಪಾಯಿತು. ಎರಡು ಗುಟುಕು ಕುಡಿದು ಅದನ್ನೆಲ್ಲ ಪವಿತ್ರಾತ್ಮನ ಕೃಪೆ ಎಂದುಕೊಂಡಿದ್ದೆನಲ್ಲ.

ಗಡಿಗೆಯ ಮುಂದೆ ಬೆರಗಾಗಿ ಕುಳಿತೆ. ಸರ್ಕಾರ ಬೇಡವೆಂದಿತ್ತು, ನಾನು ಬೇಡವೆಂದಿದ್ದೆ. ದ್ರಾಕ್ಷಿ ಯಾರನ್ನೂ ಕೇಳದೆ ತನ್ನ ಕೆಲಸ ಮುಗಿಸಿತ್ತು. ಅದಕ್ಕಿಂತ ದೊಡ್ಡ ಬೆರಗು ಆ ಮನುಷ್ಯನದು. ಹನ್ನೊಂದು ವರ್ಷ ಕಷ್ಟಪಟ್ಟು ಕಟ್ಟಿದ ಹೆಸರನ್ನು ನನ್ನ ಮಾನ ಉಳಿಸಲು ಬಿಟ್ಟುಕೊಟ್ಟಿದ್ದರು, ಆಣೆಯನ್ನು ಮಾತ್ರ ಬಿಟ್ಟಿರಲಿಲ್ಲ. ನನ್ನ ಪಾಂಡಿತ್ಯದಲ್ಲಿ ಇಂಥವರಿಗೆ ಜಾಗವೇ ಇರಲಿಲ್ಲ.

ಮುಂದಿನ ಭಾನುವಾರ ಸಭೆಯಲ್ಲಿ ಎದ್ದು ನಿಂತೆ. ಹುಳಿತದ್ದು ನನ್ನ ಗಡಿಗೆ, ಕುಡಿದವರು ನಾವೆಲ್ಲ, ಕುಡಿಯದವರು ಸಾಮುವೇಲಪ್ಪ ಒಬ್ಬರೇ ಎಂದೆ. ಶಾಂತವ್ವ ಸೆರಗು ಸರಿಸಿ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದರು.

ಅಂದಿನಿಂದ ಭೋಜನದ ದಿನ ಬೆಳಿಗ್ಗೆ ಗಡಿಗೆಯನ್ನು ಮೊದಲು ಅವರ ಮನೆಗೆ ಒಯ್ಯುತ್ತಿದ್ದೆ. ಸಾಮುವೇಲಪ್ಪ ಬಗ್ಗಿ ಮೂಸಿ, "ಛಲೋ ಐತ್ರಿ, ನಡೀರಿ" ಎಂದ ಮೇಲೆಯೇ ಅದು ಪಾದ್ರಿಗಳ ಕೈಸೇರುತ್ತಿತ್ತು. ಶಾಸ್ತ್ರದ ಪ್ರಕಾರ ಕುಡಿಯಬಹುದೇ ಎಂದು ಯಾರಾದರೂ ಕೇಳಿದರೆ ನಾನು ಈಗ ವಾದ ಮಾಡುವುದಿಲ್ಲ. ಪಕ್ಕದಲ್ಲಿ ಯಾರು ಕುಳಿತಿದ್ದಾರೆ ಎಂದು ಮೊದಲು ನೋಡಿಕೊಳ್ಳಿ ಎನ್ನುತ್ತೇನೆ.